80 ಲಕ್ಷವೋ, 2.25 ಕೋಟಿಯೋ: ಕುಮಿಂಗಾ ಹಗ್ಗಜಗ್ಗಾಟದ ಒಳಲೆಕ್ಕ

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡಕ್ಕೂ ಅದರ 22 ವರ್ಷದ ಆಟಗಾರ ಜೊನಾಥನ್ ಕುಮಿಂಗಾ ಅವರಿಗೂ ಜುಲೈ ತಿಂಗಳಿಂದ ನಡೆಯುತ್ತಿದ್ದ ಹಗ್ಗಜಗ್ಗಾಟ 2025ರ ಸೆಪ್ಟೆಂಬರ್ 30ರಂದು, ಗಡುವು ಮುಗಿಯಲು ಒಂದು ದಿನವಷ್ಟೇ ಉಳಿದಿದ್ದಾಗ, ಕೊನೆಗೊಂಡಿತು. ಎರಡು ವರ್ಷದ ಒಪ್ಪಂದ. ಮೊದಲ ವರ್ಷಕ್ಕೆ ಸುಮಾರು 2.25 ಕೋಟಿ ಡಾಲರ್ ಸಂಬಳ. ಎರಡನೆಯ ವರ್ಷ ಅವರನ್ನು ಉಳಿಸಿಕೊಳ್ಳಬೇಕೋ ಬೇಡವೋ ಎಂಬ ತೀರ್ಮಾನ ಮಾತ್ರ ತಂಡದ ಕೈಯಲ್ಲಿ. ಈ ಒಪ್ಪಂದಕ್ಕೆ ಸಹಿ ಹಾಕದೆ ಹೋಗಿದ್ದರೆ ಕುಮಿಂಗಾ ಅವರ ಮುಂದಿದ್ದ ಇನ್ನೊಂದು ದಾರಿ ಸುಮಾರು 80 ಲಕ್ಷ ಡಾಲರ್‌ನ ಒಂದು ವರ್ಷದ ಕರಾರು. ಆ ದಾರಿಯನ್ನೇ ಹಿಡಿಯುವ ಸಾಧ್ಯತೆಯನ್ನು ಅವರು ಕೊನೆಯ ವಾರದವರೆಗೂ ಜೀವಂತವಾಗಿ ಇಟ್ಟುಕೊಂಡಿದ್ದರು.

ಸುದ್ದಿ ಓದಿದವರಿಗೆ ಗೊಂದಲವಾಗುವುದು ಇಲ್ಲಿಯೇ. ಮೂರು ಪಟ್ಟು ಹಣ ಎದುರಿಗಿರುವಾಗ ಒಬ್ಬ ಆಟಗಾರ ಮೂರು ತಿಂಗಳು ಹಿಂದೆಮುಂದೆ ನೋಡಿದ್ದೇಕೆ? ಏಪ್ರಿಲ್‌ನ ನಿರ್ಣಾಯಕ ಪಂದ್ಯಗಳಲ್ಲಿ ಒಂದು ನಿಮಿಷವೂ ಆಡಿಸದೆ ಬೆಂಚಿನ ಮೇಲೆ ಕೂರಿಸಿದ ಆಟಗಾರನಿಗೆ ತಂಡ ಅಷ್ಟು ಹಣ ಕೊಡಲು ಮುಂದಾದದ್ದಾದರೂ ಏಕೆ? ಇದನ್ನು ಒಬ್ಬ ಯುವಕನ ಹಟ ಅಥವಾ ಒಬ್ಬ ಕೋಚ್‌ನ ಪಕ್ಷಪಾತ ಎಂದು ಬಗೆದರೆ ಅರ್ಧ ಉತ್ತರವೂ ಸಿಗುವುದಿಲ್ಲ. ಎನ್‌ಬಿಎಯಲ್ಲಿ ಯುವ ಆಟಗಾರರ ಪೈಪೋಟಿ ನಡೆಯುವುದು ಪಕ್ಕದಲ್ಲಿ ಕುಳಿತ ಇನ್ನೊಬ್ಬ ಆಟಗಾರನ ಜೊತೆಗಷ್ಟೇ ಅಲ್ಲ. ತಂಡಕ್ಕೆ ಬೇಕಾದ ಯಾವುದೋ ಒಂದು ಸಣ್ಣ ಕೆಲಸವನ್ನು, ತನ್ನ ಅಗ್ಗದ ಕರಾರು ಮುಗಿಯುವ ಮುನ್ನ, ನಂಬಿಕೆ ಬರುವಂತೆ ಮಾಡಿ ತೋರಿಸಬೇಕಾದ ಕಾಲದ ಜೊತೆಗೂ ಅವರು ಸೆಣಸುತ್ತಿರುತ್ತಾರೆ.

ಹದಿನೈದು ಜಾಗ, 240 ನಿಮಿಷ

ಮೊದಲು ಸರಳ ಗಣಿತ. ಎನ್‌ಬಿಎಯಲ್ಲಿ 30 ತಂಡಗಳಿವೆ. ಒಂದೊಂದು ತಂಡವೂ ಋತುವಿನಲ್ಲಿ 15 ಆಟಗಾರರನ್ನು ಪೂರ್ಣ ಕರಾರಿನ ಮೇಲೆ ಇಟ್ಟುಕೊಳ್ಳಬಹುದು. ಒಟ್ಟು 450 ಜಾಗ. ಇದರ ಹೊರಗೆ ತಂಡಕ್ಕೆ ಮೂವರಂತೆ ‘ಟು-ವೇ’ ಕರಾರಿನ ಆಟಗಾರರು ಇರುತ್ತಾರೆ. ಇವರು ಮುಖ್ಯ ತಂಡಕ್ಕೂ ಜಿ ಲೀಗ್ ಎಂಬ ಕೆಳಹಂತದ ಲೀಗಿಗೂ ಓಡಾಡುವವರು, 82 ಪಂದ್ಯಗಳ ಋತುವಿನಲ್ಲಿ 50ಕ್ಕಿಂತ ಹೆಚ್ಚು ಪಂದ್ಯಗಳಿಗೆ ಮುಖ್ಯ ತಂಡದಲ್ಲಿ ಇವರನ್ನು ಬಳಸುವಂತಿಲ್ಲ. ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವ ಎರಡು ಸುತ್ತಿನ ಡ್ರಾಫ್ಟ್‌ನಲ್ಲಿ ಪ್ರತಿ ವರ್ಷ ಹೆಚ್ಚುಕಡಿಮೆ 60 ಜನರ ಹೆಸರು ಕೂಗಲಾಗುತ್ತದೆ. ಹೊಸಬರು ಬಂದಷ್ಟೇ ಜನ ಪ್ರತಿ ವರ್ಷ ಹೊರಬೀಳಲೇಬೇಕು.

ಡ್ರಾಫ್ಟ್‌ನಲ್ಲಿ ಹೆಸರು ಬಂದ ಮಾತ್ರಕ್ಕೆ ಜಾಗ ಸಿಕ್ಕಿತು ಎಂದು ತಿಳಿಯುವಂತಿಲ್ಲ ಎಂಬುದು ಭಾರತೀಯರಿಗೆ ಹತ್ತು ವರ್ಷದ ಹಿಂದೆಯೇ ಗೊತ್ತಾಗಿದೆ. ಪಂಜಾಬಿನ ಸತ್ನಾಮ್ ಸಿಂಗ್ ಅವರನ್ನು 2015ರಲ್ಲಿ ಡಲ್ಲಾಸ್ ಮಾವೆರಿಕ್ಸ್ 52ನೆಯವರಾಗಿ ಆಯ್ಕೆ ಮಾಡಿತು. ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲ ಭಾರತೀಯ ಎಂಬ ಸಂಭ್ರಮ ದೇಶದ ಪತ್ರಿಕೆಗಳ ಮುಖಪುಟಕ್ಕೂ ಬಂತು. ಅವರು ಆಡಿದ್ದು ಕೆಳಹಂತದ ಲೀಗಿನ ಟೆಕ್ಸಸ್ ಲೆಜೆಂಡ್ಸ್ ತಂಡದಲ್ಲಿ. ಮುಖ್ಯ ಲೀಗಿನ ಒಂದು ಪಂದ್ಯದಲ್ಲೂ ಅಂಗಳಕ್ಕಿಳಿಯುವ ಅವಕಾಶ ಅವರಿಗೆ ಬರಲಿಲ್ಲ.

ಜಾಗ ಸಿಕ್ಕವರಿಗೂ ಆಟ ಸಿಗುವುದು ಬೇರೆಯೇ ಲೆಕ್ಕ. ಪಂದ್ಯ 48 ನಿಮಿಷ, ಅಂಗಳದಲ್ಲಿ ಒಮ್ಮೆಗೆ ಐವರು, ಅಂದರೆ ಕೋಚ್ ಬಳಿ ಹಂಚಲು ಇರುವುದು 240 ನಿಮಿಷ. ಆಗಿನ ವಾರಿಯರ್ಸ್ ತಂಡವನ್ನೇ ತೆಗೆದುಕೊಂಡರೆ ಸ್ಟೀಫನ್ ಕರಿ, ಜಿಮ್ಮಿ ಬಟ್ಲರ್ ಮತ್ತು ಡ್ರೇಮಂಡ್ ಗ್ರೀನ್ ಎಂಬ ಮೂವರು ಹಿರಿಯರೇ ಸುಮಾರು 100 ನಿಮಿಷ ತೆಗೆದುಕೊಳ್ಳುತ್ತಿದ್ದರು. ಉಳಿದ 140 ನಿಮಿಷ 12 ಜನರಿಗೆ ಹಂಚಿಕೆಯಾಗಬೇಕಿತ್ತು. ಸಮನಾಗಿ ಹಂಚಿದರೆ ಯಾರಿಗೂ ಆಟದ ಲಯ ಹತ್ತುವುದಿಲ್ಲವಾದ್ದರಿಂದ ಬಹುಪಾಲು ಕೋಚ್‌ಗಳು ಒಂಬತ್ತು ಅಥವಾ ಹತ್ತು ಜನರ ‘ರೊಟೇಶನ್’ ಮಾಡಿಕೊಳ್ಳುತ್ತಾರೆ. ಹನ್ನೊಂದನೆಯ ಆಟಗಾರ ಟ್ರ್ಯಾಕ್‌ಸೂಟ್ ಬಿಚ್ಚದೆಯೇ ಪಂದ್ಯ ಮುಗಿಸುವ ರಾತ್ರಿಗಳು ಬೇಕಾದಷ್ಟಿರುತ್ತವೆ.

ಅಗ್ಗದ ನಾಲ್ಕು ವರ್ಷ

ಮೊದಲ ಸುತ್ತಿನಲ್ಲಿ ಆಯ್ಕೆಯಾದವರ ಸಂಬಳವನ್ನು ಲೀಗ್ ಮತ್ತು ಆಟಗಾರರ ಸಂಘದ ನಡುವಿನ ಒಪ್ಪಂದವೇ ನಿಗದಿ ಮಾಡಿರುತ್ತದೆ. ಚೌಕಾಸಿಗೆ ಅಲ್ಲಿ ಹೆಚ್ಚು ಆಸ್ಪದವಿಲ್ಲ. ಮೊದಲ ಎರಡು ವರ್ಷ ಖಾತರಿ, ಮುಂದಿನ ಎರಡು ವರ್ಷ ತಂಡದ ಇಚ್ಛೆ. ಈ ನಾಲ್ಕು ವರ್ಷಗಳಲ್ಲಿ ಆಟಗಾರ ಎಷ್ಟೇ ಚೆನ್ನಾಗಿ ಆಡಿದರೂ ಸಂಬಳ ಏರುವುದಿಲ್ಲ. ನಾಲ್ಕನೆಯ ಋತು ಆರಂಭವಾಗುವ ಮುನ್ನ ತಂಡ ಮನಸ್ಸು ಮಾಡಿದರೆ ಹೊಸ ದೀರ್ಘ ಕರಾರು ಕೊಡಬಹುದು, ಇಲ್ಲವಾದರೆ ಕಾಯಬೇಕು.

ತಂಡಗಳಿಗೆ ಈ ನಾಲ್ಕು ವರ್ಷ ಬಂಗಾರ. ಏಕೆಂದರೆ 2025-26ರ ಋತುವಿಗೆ ತಂಡವೊಂದರ ಸಂಬಳದ ಮಿತಿ ಸುಮಾರು 15.46 ಕೋಟಿ ಡಾಲರ್. ಕೆಲವು ವಿನಾಯಿತಿಗಳನ್ನು ಬಳಸಿ ಈ ಮಿತಿಯನ್ನು ದಾಟಬಹುದು, ಆದರೆ 18.79 ಕೋಟಿ ದಾಟಿದರೆ ದಂಡದಂತಹ ತೆರಿಗೆ ಬೀಳುತ್ತದೆ. 20.78 ಕೋಟಿ ದಾಟಿದರೆ ‘ಸೆಕೆಂಡ್ ಏಪ್ರನ್’ ಎಂಬ ಗೆರೆ ಮೀರಿದಂತೆ, ಮತ್ತು 2023ರ ಒಪ್ಪಂದ ತಂದ ಈ ಗೆರೆ ಬರೀ ಹಣದ ಗೆರೆಯಲ್ಲ. ಅದನ್ನು ಮೀರಿದ ತಂಡ ಇಬ್ಬರು ಆಟಗಾರರ ಸಂಬಳವನ್ನು ಕೂಡಿಸಿ ಒಬ್ಬ ದೊಡ್ಡ ಆಟಗಾರನನ್ನು ವಿನಿಮಯದಲ್ಲಿ ತರುವಂತಿಲ್ಲ, ಏಳು ವರ್ಷ ಮುಂದಿನ ತನ್ನ ಮೊದಲ ಸುತ್ತಿನ ಆಯ್ಕೆಯನ್ನು ಯಾರಿಗೂ ಬಿಟ್ಟುಕೊಡುವಂತಿಲ್ಲ. ಹಿಂದೆ ಶ್ರೀಮಂತ ಮಾಲೀಕರು ತೆರಿಗೆ ಕಟ್ಟಿ ಕೈತೊಳೆದುಕೊಳ್ಳುತ್ತಿದ್ದರು, ಈಗ ಆ ದಾರಿ ಅರ್ಧ ಮುಚ್ಚಿದೆ. ಬಾಸ್ಟನ್ ಸೆಲ್ಟಿಕ್ಸ್ 2024ರಲ್ಲಿ ಪ್ರಶಸ್ತಿ ಗೆದ್ದ ಮರುವರ್ಷವೇ ಜ್ರೂ ಹಾಲಿಡೇ ಮತ್ತು ಕ್ರಿಸ್ತಾಪ್ಸ್ ಪೊರ್ಜಿಂಗಿಸ್ ಅವರನ್ನು ಕಳಿಸಿಕೊಟ್ಟದ್ದು ಈ ಗೆರೆಯ ಭಯದಿಂದಲೇ.

ತಾರೆಯರ ಸಂಬಳ ಒಂದು ಕಡೆ ಬೆಳೆಯುತ್ತಾ ಹೋದಂತೆ ತಂಡದ ಉಳಿದ ಹತ್ತು ಜಾಗಗಳನ್ನು ಕಡಿಮೆ ಸಂಬಳದವರಿಂದ ತುಂಬಬೇಕು. ಕಡಿಮೆ ಸಂಬಳದಲ್ಲಿ ಸಿಗುವವರು ಇಬ್ಬರೇ: ಮುಪ್ಪಿನ ಅಂಚಿಗೆ ಬಂದ ಹಿರಿಯರು ಮತ್ತು ಮೊದಲ ಕರಾರಿನ ಹುಡುಗರು. ಹೀಗಾಗಿ ಯುವಕರಿಗೆ ಬೇಡಿಕೆ ಹೆಚ್ಚಿದೆ. ಆದರೆ ಆ ಬೇಡಿಕೆ ಇರುವುದು ಅವರ ಅಗ್ಗದ ವರ್ಷಗಳಿಗೆ. ಐದನೆಯ ವರ್ಷಕ್ಕೆ ಕಾಲಿಡುವ ಯುವಕನ ಮುಂದೆ ಇದ್ದಕ್ಕಿದ್ದಂತೆ ಬೇರೆಯದೇ ಮಾರುಕಟ್ಟೆ ನಿಂತಿರುತ್ತದೆ.

ಹಗ್ಗ ಕಟ್ಟಿದ ಸ್ವಾತಂತ್ರ್ಯ

ಆ ಮಾರುಕಟ್ಟೆಯ ಹೆಸರು ‘ರಿಸ್ಟ್ರಿಕ್ಟೆಡ್ ಫ್ರೀ ಏಜೆನ್ಸಿ’. ಐಪಿಎಲ್ ಹರಾಜಿನ ಆರ್‌ಟಿಎಂ ಕಾರ್ಡ್ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಬೇರೆ ತಂಡ ಕೂಗಿದ ಬೆಲೆಗೆ ಹಳೆಯ ತಂಡ ‘ನಾವೂ ಅಷ್ಟೇ ಕೊಡುತ್ತೇವೆ’ ಎಂದು ಆಟಗಾರನನ್ನು ಹಿಂದಕ್ಕೆ ಪಡೆಯುವ ಹಕ್ಕು ಅದು. ಎನ್‌ಬಿಎಯಲ್ಲೂ ಹಾಗೆಯೇ. ಆದರೆ 2024ರ ಐಪಿಎಲ್ ಮೆಗಾ ಹರಾಜಿನಲ್ಲಿ ಬೆಲೆ ಕೂಗಿದ ತಂಡಕ್ಕೆ ಇನ್ನೊಮ್ಮೆ ಏರಿಸುವ ಅವಕಾಶವಿತ್ತು, ಎನ್‌ಬಿಎಯಲ್ಲಿ ಅಂಥ ಎರಡನೆಯ ಅವಕಾಶವಿಲ್ಲ. ಹಳೆಯ ತಂಡ ಸರಿಗಟ್ಟಿತೆಂದರೆ ಮುಗಿಯಿತು. ಇನ್ನೂ ಮುಖ್ಯವಾದ ವ್ಯತ್ಯಾಸವೆಂದರೆ ಅಲ್ಲಿ ಹರಾಜಿನ ಕೊಠಡಿಯೇ ಇಲ್ಲ. ಸಂಬಳದ ಮಿತಿಯೊಳಗೆ ಸಾಕಷ್ಟು ಜಾಗ ಇರುವ ತಂಡ ಮಾತ್ರ ಬೆಲೆ ಕೂಗಬಲ್ಲದು.

2025ರಲ್ಲಿ ಹಾಗೆ ದೊಡ್ಡ ಮೊತ್ತ ಕೈಯಲ್ಲಿದ್ದ ತಂಡ ಬ್ರೂಕ್ಲಿನ್ ನೆಟ್ಸ್ ಒಂದೇ, ಅದೂ ಹಣ ಬಿಚ್ಚುವ ಉಮೇದಿನಲ್ಲಿ ಇರಲಿಲ್ಲ. ಕೊಳ್ಳುವವರೇ ಇಲ್ಲದ ಸಂತೆಯಲ್ಲಿ ನಿಂತವರು ನಾಲ್ವರು ಪ್ರಮುಖ ಯುವಕರು: ಕುಮಿಂಗಾ, ಷಿಕಾಗೊ ಬುಲ್ಸ್‌ನ ಜೋಶ್ ಗಿಡ್ಡಿ, ಫಿಲಡೆಲ್ಫಿಯಾದ ಕ್ವೆಂಟಿನ್ ಗ್ರೈಮ್ಸ್ ಮತ್ತು ಬ್ರೂಕ್ಲಿನ್‌ನ ಕ್ಯಾಮ್ ಥಾಮಸ್. ಗಿಡ್ಡಿ ಸೆಪ್ಟೆಂಬರ್‌ನಲ್ಲಿ ನಾಲ್ಕು ವರ್ಷಕ್ಕೆ 10 ಕೋಟಿ ಡಾಲರ್‌ಗೆ ಒಪ್ಪಿದರು. ಗ್ರೈಮ್ಸ್ ಮತ್ತು ಥಾಮಸ್ ದೀರ್ಘ ಒಪ್ಪಂದ ಕುದುರದೆ ‘ಕ್ವಾಲಿಫೈಯಿಂಗ್ ಆಫರ್’ ಎಂಬ ಒಂದು ವರ್ಷದ ಕನಿಷ್ಠ ಕರಾರನ್ನೇ ಒಪ್ಪಿಕೊಂಡರು.

ಕುಮಿಂಗಾ ಅವರ ಮುಂದಿದ್ದ 80 ಲಕ್ಷ ಡಾಲರ್ ಇದೇ ಬಗೆಯ ಕರಾರು. ಅದರ ಆಕರ್ಷಣೆ ಹಣದಲ್ಲಿಲ್ಲ. ಅದನ್ನು ಒಪ್ಪಿದ ಆಟಗಾರ ಮರುವರ್ಷ ಯಾವ ಹಂಗೂ ಇಲ್ಲದೆ ಬೇಕಾದ ತಂಡಕ್ಕೆ ಹೋಗಬಹುದು, ಅಲ್ಲಿಯವರೆಗೆ ತನ್ನ ಒಪ್ಪಿಗೆಯಿಲ್ಲದ ವಿನಿಮಯವನ್ನು ತಡೆಯಲೂಬಹುದು. ತಂಡ ಮುಂದಿಟ್ಟ 2.25 ಕೋಟಿಯ ಕರಾರಿನಲ್ಲಿ ಇವೆರಡೂ ಇರಲಿಲ್ಲ. ಎರಡನೆಯ ವರ್ಷದ ಹಕ್ಕು ತಂಡದ್ದಾದ್ದರಿಂದ ಚೆನ್ನಾಗಿ ಆಡಿದರೆ ತಂಡ ಮೊದಲೇ ಗೊತ್ತುಮಾಡಿದ ಬೆಲೆಗೆ ಉಳಿಸಿಕೊಳ್ಳುತ್ತದೆ, ಆಡದಿದ್ದರೆ ಕೈಬಿಡುತ್ತದೆ. ಲಾಭ ಬಂದರೆ ತಂಡಕ್ಕೆ, ನಷ್ಟ ಬಂದರೆ ಆಟಗಾರನಿಗೆ. ಅದೂ ಅಲ್ಲದೆ ದೊಡ್ಡ ಆಟಗಾರನೊಬ್ಬನನ್ನು ವಿನಿಮಯದಲ್ಲಿ ತರುವಾಗ ಎರಡೂ ಕಡೆಯ ಸಂಬಳದ ಲೆಕ್ಕ ಸರಿದೂಗಿಸಲು ಬೇಕಾದ ಗಾತ್ರದ ಸಂಬಳ ಅದು ಎಂಬುದು ಎಲ್ಲರಿಗೂ ಕಾಣುವಂತಿತ್ತು. ಬೆಂಚಿನ ಮೇಲೆ ಕೂರಿಸಿದವರಿಗೆ ತಂಡ ಅಷ್ಟು ಹಣ ಕೊಟ್ಟದ್ದೇಕೆ ಎಂಬ ಪ್ರಶ್ನೆಗೆ ಉತ್ತರದ ದೊಡ್ಡ ಪಾಲು ಇಲ್ಲಿದೆ. ವಾರಿಯರ್ಸ್ ಸಂಬಳದ ಮಿತಿಯನ್ನು ಆಗಲೇ ದಾಟಿದ್ದರಿಂದ ಕುಮಿಂಗಾ ಸುಮ್ಮನೆ ಹೊರನಡೆದರೆ ಅವರ ಜಾಗಕ್ಕೆ ಅದೇ ಬೆಲೆಯ ಇನ್ನೊಬ್ಬರನ್ನು ಕೊಳ್ಳಲು ತಂಡಕ್ಕೆ ನಿಯಮವೇ ಬಿಡುತ್ತಿರಲಿಲ್ಲ. ಉಳಿಸಿಕೊಂಡರೆ ಕನಿಷ್ಠ ವಿನಿಮಯಕ್ಕಾದರೂ ಒಂದು ವಸ್ತು ಕೈಯಲ್ಲಿರುತ್ತದೆ. (ಮನುಷ್ಯರನ್ನು ವಸ್ತು ಎನ್ನುವುದು ಕಿವಿಗೆ ಹಿತವಲ್ಲ. ಆದರೆ ಅಲ್ಲಿನ ತಂಡಗಳ ಕಚೇರಿಗಳಲ್ಲಿ ಯುವ ಆಟಗಾರನಿಗೆ ‘ಅಸೆಟ್’ ಎಂಬುದೇ ರೂಢಿಯ ಹೆಸರು.)

ಕೋಚ್ ಕರ್ ಅವರು ಕೂರಿಸಿದ್ದೇಕೆ?

2024-25ರ ಋತುವಿನಲ್ಲಿ ಕುಮಿಂಗಾ ಪಂದ್ಯಕ್ಕೆ ಸರಾಸರಿ 15.3 ಅಂಕ ಗಳಿಸಿದವರು. ಬುಟ್ಟಿಯತ್ತ ನುಗ್ಗುವ ವೇಗ, ಎದುರಾಳಿಯ ಮೈಮೇಲೇ ಹಾರಿ ಚೆಂಡು ತುರುಕುವ ಬಲ ಇವು ತಂಡದಲ್ಲಿ ಬೇರೆ ಯಾರಿಗೂ ಅಷ್ಟಿರಲಿಲ್ಲ. ಜನವರಿಯಲ್ಲಿ ಅವರ ಕಣಕಾಲು ಉಳುಕಿತು. ಅವರು ಹೊರಗಿದ್ದಾಗಲೇ, ಫೆಬ್ರುವರಿಯಲ್ಲಿ, ತಂಡ ಜಿಮ್ಮಿ ಬಟ್ಲರ್ ಅವರನ್ನು ತಂದಿತು. ವಾಪಸು ಬಂದಾಗ ಅವರ ಜಾಗ ಇದ್ದ ಹಾಗೆ ಇರಲಿಲ್ಲ. ಏಪ್ರಿಲ್ 13ರಂದು ಋತುವಿನ ಕೊನೆಯ ಪಂದ್ಯದಲ್ಲಿ ಅವರನ್ನು ಆಡಿಸಲಿಲ್ಲ, ಎರಡು ದಿನದ ನಂತರ ಮೆಂಫಿಸ್ ವಿರುದ್ಧದ ಅರ್ಹತಾ ಪಂದ್ಯದಲ್ಲಿ ಆಡಿಸಲಿಲ್ಲ, ಹ್ಯೂಸ್ಟನ್ ವಿರುದ್ಧದ ಪ್ಲೇಆಫ್ ಸರಣಿಯ ಮೊದಲ ಪಂದ್ಯದಲ್ಲೂ ಆಡಿಸಲಿಲ್ಲ.

ಕೋಚ್ ಸ್ಟೀವ್ ಕರ್ ಇದಕ್ಕೆ ಕೊಟ್ಟ ಕಾರಣ ಬಟ್ಲರ್, ಗ್ರೀನ್ ಮತ್ತು ಕುಮಿಂಗಾ ಮೂವರೂ ಒಟ್ಟಿಗೆ ಅಂಗಳದಲ್ಲಿದ್ದರೆ ಹೊಂದಿಕೆಯಾಗುವುದಿಲ್ಲ ಎಂಬುದು. ಅದನ್ನು ಅಂಗಳದ ಮೇಲೆಯೇ ನೋಡಬೇಕು. ಕರಿ ಚೆಂಡು ಹಿಡಿದು ಮೂರಂಕದ ಗೆರೆಯ (ಅದರ ಹೊರಗಿನಿಂದ ಬುಟ್ಟಿಗೆ ಹಾಕಿದರೆ ಮೂರು ಅಂಕ) ಹೊರಗೆ ಬರುತ್ತಾರೆ. ಕರಿ ಅವರನ್ನು ಕಾಯುವ ರಕ್ಷಕನಿಗೆ ಗ್ರೀನ್ ಗೋಡೆಯಂತೆ ಅಡ್ಡ ನಿಲ್ಲುತ್ತಾರೆ. ಕರಿ ಅವರ ಎಸೆತಕ್ಕೆ ಹೆದರಿ ಇಬ್ಬರು ರಕ್ಷಕರು ಅವರ ಮೇಲೆಯೇ ಮುಗಿಬೀಳುತ್ತಾರೆ. ಗ್ರೀನ್‌ಗೆ ಪಾಸ್ ಬರುತ್ತದೆ, ವಾರಿಯರ್ಸ್‌ನ ನಾಲ್ವರ ವಿರುದ್ಧ ಉಳಿದ ರಕ್ಷಕರು ಮೂವರೇ. ಈಗ ಮೂಲೆಯಲ್ಲಿ ನಿಂತಿರುವ ಸಹ ಆಟಗಾರ ಒಳ್ಳೆಯ ಎಸೆತಗಾರನಾಗಿದ್ದರೆ ಅವನ ರಕ್ಷಕ ಅವನನ್ನು ಬಿಟ್ಟು ಕದಲಲಾರ, ಹಾಗಾಗಿ ಬುಟ್ಟಿಯ ಮುಂದೆ ದಾರಿ ತೆರೆದಿರುತ್ತದೆ. ಆ ಮೂಲೆಯಲ್ಲಿ ನಿಂತಿರುವುದು ಕುಮಿಂಗಾ ಆಗಿದ್ದರೆ? ಆ ಋತುವಿನಲ್ಲಿ ಅವರ ಮೂರಂಕದ ಎಸೆತಗಳಲ್ಲಿ ಬುಟ್ಟಿಗೆ ಬಿದ್ದವು ಶೇ 30.5 ಮಾತ್ರ, ಲೀಗಿನ ಸರಾಸರಿ ಶೇ 36ರ ಆಸುಪಾಸು. ಅವರ ರಕ್ಷಕ ನಿಶ್ಚಿಂತೆಯಿಂದ ನಾಲ್ಕು ಹೆಜ್ಜೆ ಒಳಗೆ ಸರಿದು ಬುಟ್ಟಿಯ ಬಾಗಿಲಲ್ಲಿ ನಿಲ್ಲುತ್ತಾನೆ. ಬಟ್ಲರ್ ಮತ್ತು ಗ್ರೀನ್ ಕೂಡ ದೂರದಿಂದ ನೆಚ್ಚಬಹುದಾದ ಎಸೆತಗಾರರಲ್ಲ. ಹೀಗೆ ಕುಮಿಂಗಾ ತಪ್ಪು ಮಾಡದೆಯೂ, ಚೆಂಡು ಮುಟ್ಟದೆಯೂ, ಕರಿ ಅವರ ದಾರಿ ಕಿರಿದಾಗುತ್ತದೆ. ಅಂಕಪಟ್ಟಿಯಲ್ಲಿ ಇದು ಎಲ್ಲಿಯೂ ಕಾಣುವುದಿಲ್ಲ.

ಇದೇ ಲೆಕ್ಕ ತಿರುಗಿಸಿ ಹಾಕಿದರೂ ತಾಳೆಯಾಗುತ್ತದೆ. ಮೇ 6ರಂದು ಮಿನೆಸೋಟ ವಿರುದ್ಧದ ಮೊದಲ ಪಂದ್ಯದಲ್ಲಿ ಕರಿ ಅವರ ತೊಡೆಯ ಸ್ನಾಯು ಸೆಳೆಯಿತು. ಕರಿ ಇಲ್ಲದ ತಂಡಕ್ಕೆ ಆಗ ಬೇಕಾದದ್ದು ಯಾರ ನೆರವೂ ಇಲ್ಲದೆ ತಾನೇ ಅಂಕ ಹುಟ್ಟಿಸುವ ಆಟಗಾರ. ಕುಮಿಂಗಾ ಅಂಗಳಕ್ಕೆ ಮರಳಿದರು. ಮೇ 10ರ ಮೂರನೆಯ ಪಂದ್ಯದಲ್ಲಿ 30 ಅಂಕ ಗಳಿಸಿದರು. ತಂಡ ಆ ಪಂದ್ಯವನ್ನೂ ಸರಣಿಯನ್ನೂ ಸೋತಿತು. ಒಂದೇ ತಿಂಗಳೊಳಗೆ ಸೊನ್ನೆ ನಿಮಿಷದಿಂದ 30 ಅಂಕಕ್ಕೆ ಹೋದ ಆಟಗಾರನಲ್ಲಿ ಬದಲಾದದ್ದು ಏನೂ ಇಲ್ಲ, ಸುತ್ತಲಿನ ನಾಲ್ವರು ಬದಲಾಗಿದ್ದರು.

ಅದೇ ತಂಡದ ಇತರ ಯುವಕರ ಕಥೆ ಇದಕ್ಕೆ ಪುಷ್ಟಿ ಕೊಡುತ್ತದೆ. ಏಳು ಅಡಿ ಎತ್ತರದ ಕ್ವಿಂಟೆನ್ ಪೋಸ್ಟ್ 2024ರ ಡ್ರಾಫ್ಟ್‌ನಲ್ಲಿ 52ನೆಯವರು, ಟು-ವೇ ಕರಾರಿನಲ್ಲಿ ಬಂದವರು. ಆ ಎತ್ತರದಲ್ಲಿ ದೂರದಿಂದ ಎಸೆಯಬಲ್ಲರು ಎಂಬ ಒಂದೇ ಗುಣದಿಂದ ಋತು ಮುಗಿಯುವುದರೊಳಗೆ ರೊಟೇಶನ್‌ನಲ್ಲಿದ್ದರು. ಕುಮಿಂಗಾ ಅವರ ಜೊತೆಗೇ 2021ರಲ್ಲಿ 14ನೆಯವರಾಗಿ ಬಂದ ಮೋಸೆಸ್ ಮೂಡಿ ಮೂರು ವರ್ಷ ಒಳಗೂ ಹೊರಗೂ ಓಡಾಡಿಕೊಂಡಿದ್ದು, ರಕ್ಷಣೆ ಮಾಡಿ ಮೂಲೆಯಿಂದ ಎಸೆಯುವ ಕೆಲಸವನ್ನು ತಮ್ಮದಾಗಿಸಿಕೊಂಡರು, 2024ರ ಅಕ್ಟೋಬರ್‌ನಲ್ಲಿ ಮೂರು ವರ್ಷಕ್ಕೆ 4 ಕೋಟಿ ಡಾಲರ್‌ಗಿಂತ ತುಸು ಕಡಿಮೆಯ ಕರಾರೂ ಸಿಕ್ಕಿತು. ಕುಮಿಂಗಾ ಅವರಿಗೆ ಆ ಅಕ್ಟೋಬರ್‌ನಲ್ಲಿ ಅಂಥ ಕರಾರು ಕುದುರಲಿಲ್ಲ. ಪ್ರತಿಭೆಯ ತಕ್ಕಡಿಯಲ್ಲಿ ಈ ಇಬ್ಬರಿಗಿಂತಲೂ ಕುಮಿಂಗಾ ತೂಕದವರು ಎಂಬುದನ್ನು ಬಹುಶಃ ಕರ್ ಅವರೂ ಅಲ್ಲಗಳೆಯಲಾರರು.

ಒಂದೇ ಸಾಲಿನ ಮೂವರು

ಹಾಗಾದರೆ ಎಸೆತ ಕಲಿಯದ್ದು ಕುಮಿಂಗಾ ಅವರದೇ ತಪ್ಪಲ್ಲವೇ? ಸ್ವಲ್ಪ ಮಟ್ಟಿಗೆ ಹೌದು. ಆದರೆ 2021ರ ಡ್ರಾಫ್ಟ್‌ನ ಆರು, ಏಳು ಮತ್ತು ಎಂಟನೆಯ ಆಯ್ಕೆಗಳನ್ನು ಒಟ್ಟಿಗಿಟ್ಟು ನೋಡಿದರೆ ಚಿತ್ರ ಅಷ್ಟು ಸರಳವಾಗಿ ಉಳಿಯುವುದಿಲ್ಲ.

ಆರನೆಯವರು ಗಿಡ್ಡಿ, ಒಕ್ಲಹೋಮ ಸಿಟಿ ಥಂಡರ್ ತಂಡಕ್ಕೆ ಹೋದರು. ಏಳನೆಯವರು ಕುಮಿಂಗಾ. ಎಂಟನೆಯವರು ಜರ್ಮನಿಯ ಫ್ರಾಂಜ್ ವಾಗ್ನರ್. ಒರ್ಲ್ಯಾಂಡೊ ಮ್ಯಾಜಿಕ್‌ಗೆ ಹೋದರು. ಒರ್ಲ್ಯಾಂಡೊ ಆ ವರ್ಷ 82 ಪಂದ್ಯಗಳಲ್ಲಿ 22 ಗೆದ್ದಿತು. ಥಂಡರ್ ಗೆದ್ದದ್ದು 24. ಸೋಲಿಗೆ ಬೆಲೆಯಿಲ್ಲದ ಆ ತಂಡಗಳಲ್ಲಿ ವಾಗ್ನರ್ ಮತ್ತು ಗಿಡ್ಡಿ ಆರಂಭಿಕ ಐವರಲ್ಲಿ ನಿಂತು ತಪ್ಪು ಮಾಡುತ್ತಾ ಕಲಿತರು. ವಾರಿಯರ್ಸ್ ಆ ವರ್ಷ 53 ಪಂದ್ಯ ಗೆದ್ದು ಪ್ರಶಸ್ತಿಯನ್ನೂ ಎತ್ತಿತು. ಕಾಂಗೋದ ಗೋಮಾದಲ್ಲಿ ಹುಟ್ಟಿ, ಕಾಲೇಜು ಆಟವನ್ನೇ ಆಡದೆ ನೇರವಾಗಿ ವೃತ್ತಿಪರರಾಗಿದ್ದ 19 ವರ್ಷದ ಹುಡುಗ ಅಲ್ಲಿ ಒಂದು ತಪ್ಪು ಪಾಸ್ ಕೊಟ್ಟರೆ ಬೆಂಚಿಗೆ ಮರಳಬೇಕಿತ್ತು, ಏಕೆಂದರೆ ಕರಿ ಅವರ ಒಂದೊಂದು ವರ್ಷವೂ ತಂಡಕ್ಕೆ ಎಣಿಸಿಟ್ಟ ನಾಣ್ಯ.

ವಾಗ್ನರ್ 2024ರಲ್ಲಿ ಐದು ವರ್ಷಕ್ಕೆ ಕನಿಷ್ಠ 22.4 ಕೋಟಿ ಡಾಲರ್‌ನ ಕರಾರಿಗೆ ಸಹಿ ಹಾಕಿದರು. ಗಿಡ್ಡಿ ಅವರ ದಾರಿ ಮಾತ್ರ ಮಧ್ಯದಲ್ಲಿ ತಿರುಗಿತು. ಥಂಡರ್ ಬೆಳೆದು ಗೆಲ್ಲುವ ತಂಡವಾಗುತ್ತಿದ್ದಂತೆ, 2024ರ ಪ್ಲೇಆಫ್‌ನಲ್ಲಿ ಡಲ್ಲಾಸ್ ರಕ್ಷಕರು ಅವರನ್ನು ಮೂಲೆಯಲ್ಲಿ ಒಂಟಿಯಾಗಿ ಬಿಟ್ಟು ‘ಎಸೆ ನೋಡೋಣ’ ಎಂದು ನಿಂತರು. ಅವರೂ ಬೆಂಚಿಗೆ ಹೋದರು, ಜೂನ್‌ನಲ್ಲಿ ಅಲೆಕ್ಸ್ ಕರೂಸೊ ಎಂಬ 30 ವರ್ಷದ ರಕ್ಷಣಾ ಪರಿಣತನಿಗೆ ಬದಲಾಗಿ ಷಿಕಾಗೊಗೆ ಹೋದರು. ಮರುವರ್ಷ ಥಂಡರ್ ಪ್ರಶಸ್ತಿ ಗೆದ್ದಿತು. ತಂಡ ಸೋಲುವಾಗ ಕಲಿಯಲು ಸಿಕ್ಕ ಜಾಗ ಗೆಲ್ಲಲು ತೊಡಗಿದಾಗ ಇಲ್ಲದಾಯಿತು.

ಎರಡು ಕಾಲ, ಒಂದು ತಂಡ

ವಾರಿಯರ್ಸ್ ಈ ಇಕ್ಕಟ್ಟಿಗೆ ಬಿದ್ದದ್ದು ಆಕಸ್ಮಿಕ. 2019-20ರಲ್ಲಿ ಗಾಯಗಳ ದೆಸೆಯಿಂದ ತಂಡ 15 ಪಂದ್ಯ ಮಾತ್ರ ಗೆದ್ದು ತಳಕ್ಕಿಳಿಯಿತು, ಅದರ ಫಲವಾಗಿ 2020ರಲ್ಲಿ ಎರಡನೆಯ ಆಯ್ಕೆಯ ಹಕ್ಕು ಸಿಕ್ಕಿತು. ಮರುವರ್ಷ ಏಳು ಮತ್ತು 14ನೆಯ ಆಯ್ಕೆಗಳೂ ಬಂದವು. ಹಿರಿಯರು ಈಗಲೇ ಗೆಲ್ಲಲಿ, ಕಿರಿಯರು ಪಕ್ಕದಲ್ಲಿ ಬೆಳೆದು ನಾಳೆ ವಹಿಸಿಕೊಳ್ಳಲಿ ಎಂಬ ಆಸೆಗೆ ‘ಎರಡು ಕಾಲರೇಖೆ’ ಎಂಬ ಹೆಸರು ಬಿತ್ತು. ಎರಡನೆಯ ಆಯ್ಕೆಯಾಗಿ ಬಂದ ಜೇಮ್ಸ್ ವೈಸ್‌ಮನ್ ಮೊದಲ ವರ್ಷ 39 ಪಂದ್ಯ ಆಡುವಷ್ಟರಲ್ಲಿ ಮೊಣಕಾಲು ಕೆಟ್ಟಿತು. ಎರಡನೆಯ ವರ್ಷ ಪೂರ್ತಿ ಹೊರಗೆ ಕುಳಿತರು, 2023ರ ಫೆಬ್ರುವರಿಯಲ್ಲಿ ಡೆಟ್ರಾಯಿಟ್‌ಗೆ ಹೋದರು. 2019ರಲ್ಲಿ 28ನೆಯವರಾಗಿ ಬಂದಿದ್ದ ಜೋರ್ಡಾನ್ ಪೂಲ್ ಮಾತ್ರ ಈ ಯೋಜನೆಯಲ್ಲಿ ಗೆದ್ದರು ಎನ್ನಬಹುದಿತ್ತು. 2021ರಲ್ಲಿ ಜಿ ಲೀಗಿಗೆ ಹೋಗಿ ಆಟ ಕುದುರಿಸಿಕೊಂಡು ಬಂದು, 2022ರ ಪ್ರಶಸ್ತಿಯಲ್ಲಿ ದೊಡ್ಡ ಪಾತ್ರ ವಹಿಸಿ, ದೊಡ್ಡ ಕರಾರನ್ನೂ ಪಡೆದರು. ಆದರೆ ಆ ಕರಾರಿಗೆ ಕೆಲವೇ ದಿನ ಮುಂಚೆ, ಅಭ್ಯಾಸದ ವೇಳೆ ಗ್ರೀನ್ ಅವರು ಪೂಲ್ ಅವರಿಗೆ ಗುದ್ದಿದ ವಿಡಿಯೊ ಹೊರಬಿದ್ದಿತ್ತು. ಒಂದು ವರ್ಷ ತುಂಬುವುದರೊಳಗೆ ಪೂಲ್ ಅವರನ್ನು ವಾಷಿಂಗ್ಟನ್‌ಗೆ ಕಳಿಸಿ 38 ವರ್ಷದ ಕ್ರಿಸ್ ಪಾಲ್ ಅವರನ್ನು ತರಲಾಯಿತು. ಎರಡು ಕಾಲಗಳಲ್ಲಿ ಯಾವುದು ಗೆದ್ದಿತು ಎಂಬುದಕ್ಕೆ ಆ ವಿನಿಮಯಕ್ಕಿಂತ ಸ್ಪಷ್ಟ ಉತ್ತರ ಬೇಕಿರಲಿಲ್ಲ.

ಥಂಡರ್ ದಾರಿಯೂ ಸಸಾರವಲ್ಲ

2025ರ ಜೂನ್ 22ರಂದು ಪ್ರಶಸ್ತಿ ಗೆದ್ದ ಥಂಡರ್ ತಂಡವನ್ನು ಯುವಕರ ಸ್ವರ್ಗ ಎಂಬಂತೆ ಬಣ್ಣಿಸುವುದುಂಟು. ಕೋಚ್ ಮಾರ್ಕ್ ಡೇಗ್ನಾಲ್ಟ್ ಮೊದಲು ತಂಡದ ಜಿ ಲೀಗ್ ಶಾಖೆಗೇ ಕೋಚ್ ಆಗಿದ್ದವರು. ಲೂ ಡೋರ್ಟ್ 2019ರಲ್ಲಿ ಡ್ರಾಫ್ಟ್‌ನಲ್ಲಿ ಯಾರಿಗೂ ಬೇಡವಾಗಿ ಟು-ವೇ ಕರಾರಿನಲ್ಲಿ ಬಂದವರು, 2024-25ರ ಋತುವಿನಲ್ಲಿ ಲೀಗಿನ ಅತ್ಯುತ್ತಮ ರಕ್ಷಕರ ಪಟ್ಟಿ ಸೇರಿದರು. ಆರನ್ ವಿಗಿನ್ಸ್ 55ನೆಯ ಆಯ್ಕೆ. ಐಸಾಯ ಜೋ ಅವರನ್ನು ಫಿಲಡೆಲ್ಫಿಯಾ 2022ರ ಅಕ್ಟೋಬರ್‌ನಲ್ಲಿ ಕೈಬಿಟ್ಟಾಗ ಥಂಡರ್ ಎತ್ತಿಕೊಂಡಿತು. ಮೂವರದೂ ಸಣ್ಣ, ಸ್ಪಷ್ಟ ಕೆಲಸ: ಒಬ್ಬರು ಎದುರಾಳಿಯ ಮುಖ್ಯ ಆಟಗಾರನ ಬೆನ್ನು ಬಿಡದವರು, ಒಬ್ಬರು ಚೆಂಡಿಲ್ಲದೆ ಓಡಿ ಸಂದು ಹುಡುಕುವವರು, ಒಬ್ಬರು ದೂರದಿಂದ ಎಸೆಯುವವರು.

ಆದರೆ ಇದೇ ತಂಡ 2024ರಲ್ಲಿ ಮೊದಲ ಸುತ್ತಿನ 26ನೆಯ ಆಯ್ಕೆಯಾಗಿ ತಂದ ಡಿಲ್ಲನ್ ಜೋನ್ಸ್ ಅವರನ್ನು ಒಂದೇ ಋತುವಿನ ನಂತರ ವಾಷಿಂಗ್ಟನ್‌ಗೆ ಕಳಿಸಿಬಿಟ್ಟಿತು. 15 ಜಾಗಗಳೂ ತುಂಬಿದ್ದವು, 2025ರ ಹೊಸ ಆಯ್ಕೆಗೆ ಒಂದು ಜಾಗ ಬೇಕಿತ್ತು. ಜೋನ್ಸ್ ಬಂದ 2024ರ ಡ್ರಾಫ್ಟ್‌ನಲ್ಲೇ 38ನೆಯವರಾಗಿ, ಟು-ವೇ ಕರಾರಿನಲ್ಲಿ ಬಂದ ಬೆಲ್ಜಿಯಂನ ಅಜೇ ಮಿಚೆಲ್ ಉಳಿದರು, ಪೂರ್ಣ ಕರಾರನ್ನೂ ಪಡೆದರು. ಒಳಬರುವವರೆಗೆ ಮಾತ್ರ ಡ್ರಾಫ್ಟ್‌ನ ಕ್ರಮಾಂಕಕ್ಕೆ ಬೆಲೆ, ಒಳಗೆ ಬಂದ ಮೇಲೆ ಬೇರೆ ತಕ್ಕಡಿ.

ಯಾರ ವಾದ ಏನು

ಆಟಗಾರರ ಪರವಾಗಿ ಮಾತನಾಡುವವರ ವಾದ ಹೀಗಿದೆ: ಯಾವ ತಂಡ ತನ್ನನ್ನು ಆರಿಸಬೇಕು ಎಂಬುದನ್ನು ಯುವಕ ನಿರ್ಧರಿಸುವುದಿಲ್ಲ. ನಾಲ್ಕು ವರ್ಷ ಆಡಿಸದೆ ಕೂರಿಸಿ, ಕೊನೆಗೆ ‘ನಿನ್ನ ಆಟ ಬೆಳೆದಿಲ್ಲ’ ಎಂದು ಬೆಲೆ ಇಳಿಸಿ, ಹೊರಗೆ ಹೋಗಲೂ ಬಿಡದೆ ಹಿಡಿದಿಡುವುದು ನ್ಯಾಯವಲ್ಲ. ಫೀನಿಕ್ಸ್ ಮತ್ತು ಸ್ಯಾಕ್ರಮೆಂಟೊ ತಂಡಗಳು ಕುಮಿಂಗಾ ಅವರ ಮೇಲೆ ಆಸಕ್ತಿ ತೋರಿದ್ದವು, ಆದರೆ ಅಲ್ಲಿಗೆ ಹೋಗಲು ವಾರಿಯರ್ಸ್ ಒಪ್ಪಿ ವಿನಿಮಯ ಮಾಡಿಕೊಳ್ಳಬೇಕಿತ್ತು, ಒಪ್ಪುವಂಥ ಬೆಲೆ ಬರಲಿಲ್ಲ.

ತಂಡಗಳ ವಾದ ಇದಕ್ಕೆ ಎದುರು. ಹದಿಹರೆಯದ ಹುಡುಗನ ಮೇಲೆ ಹಣ, ತರಬೇತಿ, ವರ್ಷಗಳನ್ನು ಹಾಕುವ ತಂಡಕ್ಕೆ ಅವನನ್ನು ಉಳಿಸಿಕೊಳ್ಳುವ ಮೊದಲ ಹಕ್ಕು ಇಲ್ಲದಿದ್ದರೆ ಸಣ್ಣ ನಗರಗಳ ತಂಡಗಳು ಆಟಗಾರರನ್ನು ಬೆಳೆಸಿ ದೊಡ್ಡ ನಗರಗಳಿಗೆ ಧಾರೆಯೆರೆದು ಕೊಡುವ ನರ್ಸರಿಗಳಾಗುತ್ತವೆ. ಒಕ್ಲಹೋಮ ಸಿಟಿಯಂಥ ಊರಿಗೆ ಈ ನಿಯಮವೇ ಶ್ರೀರಕ್ಷೆ ಎಂಬುದರಲ್ಲಿ ಹುರುಳಿದೆ. ಆದರೆ ಆ ವಾದ ಸ್ಯಾನ್ ಫ್ರಾನ್ಸಿಸ್ಕೊದ ವಾರಿಯರ್ಸ್ ಬಾಯಲ್ಲಿ ಅಷ್ಟು ಒಪ್ಪುವುದಿಲ್ಲ.

ಕೋಚ್‌ಗಳ ನೆಲೆ ಇವೆರಡಕ್ಕೂ ಹೊರಗಿನದು. ತಂಡದ ಕಚೇರಿ ಐದು ವರ್ಷ ಮುಂದೆ ನೋಡಬಹುದು. ಸೋತ ಮರುಕ್ಷಣ ಮೈಕಿನ ಮುಂದೆ ನಿಲ್ಲುವವರು ಕೋಚ್. ಆದ್ದರಿಂದ ನೂರಕ್ಕೆ ನೂರು ಬೆರಗು ಹುಟ್ಟಿಸಬಲ್ಲ, ಆದರೆ ಯಾವ ದಿನ ಹೇಗೆ ಆಡುತ್ತಾನೋ ಹೇಳಲಾಗದ 20ರ ಹುಡುಗನಿಗಿಂತ, ಪ್ರತಿ ರಾತ್ರಿ ಅರವತ್ತರಷ್ಟೇ ಆಡುವ 32ರ ಗಂಡಾಳು ಅವರಿಗೆ ಮೇಲೆನಿಸುತ್ತಾನೆ. ಕರ್ ಅವರನ್ನು ದೂರುವವರು ಅವರ ಕೆಲಸದ ಈ ಸ್ವರೂಪವನ್ನು ಮರೆಯುತ್ತಾರೆ. ಹಾಗೆಂದು ಕುಮಿಂಗಾ ಗಾಯದಿಂದ ಮರಳಿದ ಮೇಲೆ ಒಂದು ತಿಂಗಳು ಅವಕಾಶವಿದ್ದರೂ ಅವರಿಗೆ ಬೆಂಚಿನಿಂದ ಬಂದು ನಡೆಸಬಹುದಾದ ಒಂದು ನಿಶ್ಚಿತ ಪಾತ್ರವನ್ನು ರೂಪಿಸಿಕೊಡಲಿಲ್ಲ ಎಂಬ ಟೀಕೆಗೆ ಅವರ ಬಳಿ ಗಟ್ಟಿ ಉತ್ತರ ಇದ್ದಂತಿಲ್ಲ.

ಮುಂದೇನಾಗಬಹುದು

ಮೊದಲ ಪರಿಣಾಮ ಒಪ್ಪಂದಗಳ ಕಾಲದ ಮೇಲೆ. 2025ರ ಆ ಒಣ ಸಂತೆಯನ್ನು ಕಂಡ ಯುವಕರು ಮತ್ತು ಅವರ ಏಜೆಂಟರು ನಾಲ್ಕನೆಯ ಋತುವಿಗೆ ಮುಂಚೆಯೇ, ತುಸು ಕಡಿಮೆ ಮೊತ್ತಕ್ಕಾದರೂ, ಸಹಿ ಹಾಕಿಬಿಡುವ ಕಡೆಗೆ ವಾಲುವ ಸಾಧ್ಯತೆ ಹೆಚ್ಚು. ಮೂಡಿ ಮಾಡಿದ್ದು ಅದನ್ನೇ, ಆಗ ಅದು ಸಾಧಾರಣ ಕರಾರು ಎನಿಸಿತ್ತು, ಈಗ ಜಾಣತನ ಎನಿಸುತ್ತಿದೆ. ಇದರಿಂದ ತಂಡಗಳಿಗೆ ಮಧ್ಯಮ ದರ್ಜೆಯ ಆಟಗಾರರು ಇನ್ನಷ್ಟು ಅಗ್ಗವಾಗುತ್ತಾರೆ.

ಎರಡನೆಯದು ಥಂಡರ್ ತಂಡದಲ್ಲೇ ಕಾಣಲಿದೆ. ಶಾಯ್ ಗಿಲ್ಜಸ್-ಅಲೆಕ್ಸಾಂಡರ್, ಜೇಲೆನ್ ವಿಲಿಯಮ್ಸ್, ಚೆಟ್ ಹೋಮ್‌ಗ್ರೆನ್ ಮೂವರಿಗೂ 2025ರಲ್ಲಿ ದೊಡ್ಡ ಕರಾರುಗಳಾಗಿವೆ. ಕೊನೆಯ ಇಬ್ಬರ ಹೊಸ ಸಂಬಳ 2026-27ರಿಂದ ಆರಂಭವಾಗುತ್ತದೆ. ಅದೇ ವರ್ಷಕ್ಕೆ ಡೋರ್ಟ್ ಮತ್ತು ಐಸಾಯ ಹಾರ್ಟೆನ್‌ಸ್ಟೈನ್ ಅವರನ್ನು ಉಳಿಸಿಕೊಳ್ಳಬೇಕೋ ಎಂಬ ಆಯ್ಕೆ ತಂಡದ ಮುಂದೆ ಬರುತ್ತದೆ. ಹಣ ಹೊಂದಿಸಲು ಇವರಲ್ಲಿ ಯಾರನ್ನಾದರೂ ಬಿಡಬೇಕಾಗಿ ಬಂದರೆ ಆ ಕೆಲಸಕ್ಕೆ ಈಗಾಗಲೇ ತರಬೇತಾದ, ಕಡಿಮೆ ಸಂಬಳದ ಹುಡುಗ ಬೇಕು. ಮಿಚೆಲ್ ಮತ್ತು ಕೇಸನ್ ವಾಲೆಸ್ 2025-26ರ ಋತುವಿನಲ್ಲಿ, ಪ್ರಶಸ್ತಿ ಗೆದ್ದ ತಮ್ಮ ಹಿರಿಯರ ಪಕ್ಕದಲ್ಲೇ ಆಡುತ್ತಾ, ಆ ಹಿರಿಯರ ಕುರ್ಚಿಗೇ ಪರೀಕ್ಷೆ ಬರೆಯುತ್ತಿದ್ದರು. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಲಾಕರ್ ರೂಮಿನಲ್ಲಿರುವ ಎಲ್ಲರಿಗೂ ಗೊತ್ತಿರುತ್ತದೆ.

ಇನ್ನು ಕುಮಿಂಗಾ. ಲೀಗಿನ ನಿಯಮದ ಪ್ರಕಾರ 2026ರ ಜನವರಿ 15ರವರೆಗೆ ವಾರಿಯರ್ಸ್ ಅವರನ್ನು ಬೇರೆ ತಂಡಕ್ಕೆ ಕಳಿಸುವಂತಿರಲಿಲ್ಲ. ಋತು ಆರಂಭದಿಂದ ಅಲ್ಲಿಯವರೆಗೆ ಸುಮಾರು 40 ಪಂದ್ಯಗಳಿದ್ದವು. ಒಪ್ಪಂದವಾದಾಗ ಕರಿ ಅವರಿಗೆ 37, ಬಟ್ಲರ್ ಅವರಿಗೆ 36, ಗ್ರೀನ್ ಅವರಿಗೆ 35 ವರ್ಷ. ಮೂವರೂ ಎಲ್ಲ ಪಂದ್ಯ ಆಡಲಾರರು, ಹಾಗಾಗಿ ಕುಮಿಂಗಾ ಅವರಿಗೆ ನಿಮಿಷಗಳು ಸಿಗುತ್ತವೆ ಎಂಬುದು ಆಗಿನ ಲೆಕ್ಕ. ಆ ನಿಮಿಷಗಳಲ್ಲಿ ಅವರು ಮೂಲೆಯಲ್ಲಿ ನಿಂತು, ಚೆಂಡು ಬಂದಾಗ ಹಿಂಜರಿಯದೆ ಎಸೆದು, ರಿಬೌಂಡ್‌ಗೆ (ಬುಟ್ಟಿಗೆ ಬೀಳದೆ ಚಿಮ್ಮಿದ ಚೆಂಡಿಗೆ) ಓಡಿದರೆ ಕರ್ ಅವರಿಗೆ ಬೇಕಾದ ಆಟಗಾರನಾಗುತ್ತಿದ್ದರು. ಚೆಂಡು ಕೈಗೆ ತೆಗೆದುಕೊಂಡು 20 ಅಂಕ ಗಳಿಸಿದರೆ ಬೇರೆ ತಂಡಗಳಿಗೆ ಬೇಕಾದ ಆಟಗಾರನಾಗುತ್ತಿದ್ದರು. ಅವರ ಸಂಬಳ ಕೊಡುತ್ತಿದ್ದ ಕಚೇರಿಗೆ ಇವೆರಡರಲ್ಲಿ ಯಾವುದಾದರೂ ಆಗುತ್ತಿತ್ತು.